ಹಳೇ ಅಳಿಯ, ಎರಡು ದಾರ ಮತ್ತು ಆನಗೋಡಿನ ಗಾಳಿ

ಆಷಾಢದಲ್ಲಿ ಹೊಸ ಅಳಿಯ ಅತ್ತೆಮನೆಯ ಹೊಸಿಲು ತುಳಿಯಬಾರದು ಅನ್ನುತ್ತದೆ ಶಾಸ್ತ್ರ. ಹಳೇ ಅಳಿಯನ ವಿಷಯದಲ್ಲಿ ಮಾತ್ರ ಅದು ಬಾಯಿ ಬಿಟ್ಟಿಲ್ಲ. ಬಿಡಬೇಕಿತ್ತು. ಅದರಲ್ಲೂ ತಲೆ ನರೆತ ಮೇಲೆ ಕಂಕುಳಲ್ಲಿ ಗಾಳಿಪಟ ಇಟ್ಟುಕೊಂಡು ಬರುವ ಅಳಿಯನನ್ನು ಊರ ಗಡಿಯಲ್ಲೇ ತಡೆಯಲು ಪ್ರತ್ಯೇಕ ಶ್ಲೋಕವೇ ಇರಬೇಕಿತ್ತು. ಅದಿಲ್ಲದ್ದರಿಂದ ಆನಗೋಡಿನಲ್ಲಿ ನನ್ನ ಮಾನ ಹೋಯಿತು. ಸುಮ್ಮನೆ ಹೋಗಲಿಲ್ಲ, ಊರವರೆಲ್ಲ ಕತ್ತೆತ್ತಿ ನೋಡುವ ಎತ್ತರಕ್ಕೆ ಏರಿ, ಗಿರಕಿ ಹೊಡೆದು ಹೋಯಿತು.

ನಮ್ಮ ಕಾಲದ ಗಾಳಿಪಟ ನಿಮಗೂ ಗೊತ್ತು. ಹಳೇ ಪೇಪರು, ಪೊರಕೆ ಕಡ್ಡಿ, ಅನ್ನದ ಅಗುಳು, ಹರಿದ ಸೀರೆಯ ಬಾಲಂಗೋಚಿ. ಪೊರಕೆ ತೆಳುವಾದದ್ದು ಅಮ್ಮನಿಗೆ ಗೊತ್ತಾದರೆ ಉಳಿದ ಕಡ್ಡಿಗಳಿಂದ ನಮಗೆ ಪೂಜೆ. ಆ ಪಟಕ್ಕೆ ಒಂದೇ ದಾರ, ಒಂದೇ ಆಸೆ: ಮೇಲೆ ಹೋಗಿ ನಿಲ್ಲಬೇಕು. ನಾನು ತಂದದ್ದು ಆ ಜಾತಿಯದಲ್ಲ. ನೈಲಾನ್ ಬಟ್ಟೆ, ಫೈಬರ್ ಕಡ್ಡಿ, ಎರಡು ದಾರ, ಎರಡೂ ಮಣಿಕಟ್ಟಿಗೆ ಒಂದೊಂದು ಪಟ್ಟಿ. ಬಲದಾರ ಎಳೆದರೆ ಬಲಕ್ಕೆ ತಿರುಗುತ್ತದೆ, ಎಡದಾರ ಎಳೆದರೆ ಎಡಕ್ಕೆ. ಎಳೆದು ಹಿಡಿದೇ ಇದ್ದರೆ ಗಿರಗಿರ ಸುತ್ತುತ್ತದೆ. ಬಲ್ಲವರ ಕೈಯಲ್ಲಿ ಅದು ಆಕಾಶದಲ್ಲಿ ಎಂಟರ ಅಂಕಿ ಬರೆಯುತ್ತದೆ, ನೆಲ ಮುಟ್ಟಿತು ಅನ್ನುವಷ್ಟರಲ್ಲಿ ಸರ್ರನೆ ಮೇಲೇಳುತ್ತದೆ. ಮಂಗಳೂರಿನ ಪಣಂಬೂರು ಕಡಲತೀರದಲ್ಲಿ ಗಾಳಿಪಟ ಉತ್ಸವ ನೋಡಿ ಬಂದಾಗಿನಿಂದ ನನಗೆ ಈ ಹುಚ್ಚು. ಐವತ್ತು ದಾಟಿದ ಗಂಡಸಿಗೆ ಹಿಡಿಯುವ ಹುಚ್ಚುಗಳಲ್ಲಿ ಇದು ಅಪಾಯವಿಲ್ಲದ್ದು ಎಂದು ನನ್ನ ಅಂದಾಜು.

ಮನೆಯವಳನ್ನು ಒಪ್ಪಿಸಲು ಚರಿತ್ರೆಯ ಮೊರೆ ಹೋದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಯಲ್ಲಿದ್ದ ಪಾಲ್ ಗಾರ್ಬರ್ ಎಂಬಾತ ಬೇಕಾದ ಕಡೆ ತಿರುಗಿಸಬಲ್ಲ ಪಟ ಮಾಡಿ, ಅದರ ಮೇಲೆ ಶತ್ರುವಿಮಾನದ ಆಕಾರ ಬರೆಸಿ, ಹಡಗಿನ ಗನ್ನುಗಾರರಿಗೆ ಗುರಿ ಅಭ್ಯಾಸಕ್ಕೆ ಕೊಟ್ಟನಂತೆ. ಗುಂಡು ತಪ್ಪಿಸಿಕೊಂಡು ಹೊರಳಾಡುವ ಪಟ! ಆಮೇಲೆ 1972ರಲ್ಲಿ ಇಂಗ್ಲೆಂಡಿನ ಪೀಟರ್ ಪೊವೆಲ್ ಎರಡು ದಾರದ ಪಟ ಮಾಡಿ ಮನೆಮಂದಿಯ ಆಟಕ್ಕೆ ತಂದ. ಇಷ್ಟೆಲ್ಲ ಹೇಳಿ ಉಸಿರು ಬಿಡುವಾಗ ಅವಳು ಕೇಳಿದ್ದು ಒಂದೇ: "ಎಷ್ಟು ಕೊಟ್ರಿ?" ಬಿಲ್ಲಿನ ಮೊತ್ತವನ್ನು ಮನಸ್ಸಿನಲ್ಲೇ ಅರ್ಧ ಮಾಡಿ, ಅದರಲ್ಲೂ ಒಂದಿಷ್ಟು ಚಿಲ್ಲರೆ ಕಳೆದು ಹೇಳಿದೆ. ಅದಕ್ಕೇ ಅವಳು "ಅಷ್ಟ್ರಾಗೆ ತಿಂಗಳ ಹಾಲಿನ ಲೆಕ್ಕ ಮುಗೀತಿತ್ತು" ಅಂದಳು. ಪೂರ್ತಿ ಹೇಳಿದ್ದರೆ ವರ್ಷದ ಎಮ್ಮೆಯ ಮಾತೇ ಬರುತ್ತಿತ್ತು.

ದಾವಣಗೆರೆಯ ನಮ್ಮ ಓಣಿಯಲ್ಲಿ ಪಟ ಹಾರಿಸುವ ಮಾತೇ ಇಲ್ಲ. ಮೇಲೆ ಕರೆಂಟಿನ ತಂತಿ, ಅದರ ಕೆಳಗೆ ಕೇಬಲ್ಲು, ಅದರ ಕೆಳಗೆ ಒಗೆದ ಬಟ್ಟೆ, ಅದರ ಕೆಳಗೆ ನಾವು. ಬಯಲು ಬೇಕೆಂದರೆ ಹೆದ್ದಾರಿ ಹಿಡಿದು ಚಿತ್ರದುರ್ಗದ ಕಡೆ ಹೊರಟು ಆನಗೋಡಿಗೇ ಹೋಗಬೇಕು. ಅಲ್ಲಿ ಮಾವನವರ ಹೊಲವಿದೆ, ಪಕ್ಕದಲ್ಲಿ ಬೀಳುಬಿದ್ದ ಜಾಗವಿದೆ, ಗಾಳಿಯಂತೂ ಕೇಳುವುದೇ ಬೇಡ.

ಮಾವನವರು ಮಿತಭಾಷಿ. ಪಟದ ಚೀಲ ನೋಡಿ, "ಇದು ಆ ಕುತ್ತಿಗಿ ಕೊಯ್ಯೋ ದಾರ ಅಲ್ಲೇನ್ರೀ?" ಎಂದಷ್ಟೇ ಕೇಳಿದರು. ನಾನು ಬಿಡುವವನೇ? ಗಾಜಿನ ಪುಡಿ ಸವರಿದ ಮಾಂಜಾವನ್ನು 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೇ ನಿಷೇಧಿಸಿದ್ದು, ನಮ್ಮದು ಬರೀ ಹೆಣೆದ ದಾರ ಎಂಬುದನ್ನೆಲ್ಲ ವಿವರಿಸಿದೆ. ಅಷ್ಟಕ್ಕೇ ನಿಲ್ಲದೆ, 1934ರ ವಿಮಾನ ಕಾಯ್ದೆಯ ವ್ಯಾಖ್ಯೆಯಲ್ಲಿ ಬಲೂನು, ಗ್ಲೈಡರ್‌ಗಳ ಜೊತೆ ಗಾಳಿಪಟವೂ ವಿಮಾನವೇ ಎಂದು ಬರೆದಿತ್ತು, ಆದ್ದರಿಂದ ಆ ಕಾಯ್ದೆಯ ಕಣ್ಣಿನಲ್ಲಿ ನಾನು ಪೈಲಟ್ಟು ಎಂದೂ ಹೇಳಿದೆ. ಅವರು ನನ್ನ ಹೊಟ್ಟೆಯನ್ನೊಮ್ಮೆ ನೋಡಿ, "ಹುಷಾರ್ರೀ" ಎಂದು ಎದ್ದು ಹೋದರು.

ಇನ್ನು ಗಾಳಿಯ ವಿಷಯ. ಈ ಗಾಳಿ ಅರಬ್ಬಿ ಸಮುದ್ರದಿಂದ ಮೂಟೆಗಟ್ಟಲೆ ನೀರು ಹೊತ್ತು ಬಂದು, ಘಟ್ಟ ಹತ್ತುವಾಗ ಆಗುಂಬೆಯ ಕಡೆಯೇ ಎಲ್ಲ ಸುರಿದು, ನಮ್ಮ ಬಯಲಿಗೆ ಬರಿಗೈಯಲ್ಲಿ ಇಳಿಯುತ್ತದೆ. ಬರಿಗೈಯಲ್ಲಿ ನೆಂಟರ ಮನೆಗೆ ಬಂದ ಸಿಟ್ಟನ್ನೆಲ್ಲ ಹೆಂಚು, ತಗಡು, ಮನುಷ್ಯರ ಮೇಲೆ ತೀರಿಸಿಕೊಳ್ಳುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳಿಗೆ ಇದೇ ಅನ್ನದಾತ. ಅವುಗಳಿಗೆ ಸಲ್ಲುವ ಗಾಳಿ ನನಗೆ ಸಲ್ಲದೇ ಎಂದು ನಾನು ಲೆಕ್ಕ ಹಾಕಿದ್ದೆ. ಆದರೆ ಅವು ನಿಂತಿರುವ ಎತ್ತರದಲ್ಲಿ ಗಾಳಿ ಒಂದೇ ಸಮ ಹರಿಯುತ್ತದೆ. ನೆಲದ ಮಟ್ಟದಲ್ಲಿ ಮರಕ್ಕೆ, ಮನೆಗೆ, ದಿಬ್ಬಕ್ಕೆ ಬಡಿದು ತುಂಡುತುಂಡಾಗಿ ಬರುತ್ತದೆ. ಒಂದು ತುಂಡು ಎಡಗೆನ್ನೆಗೆ, ಇನ್ನೊಂದು ಬಲಗೆನ್ನೆಗೆ, ನಡುವೆ ಏನೂ ಇಲ್ಲ. ಅದಕ್ಕೇ ಮರವಿದ್ದರೆ ಅದರ ಎತ್ತರದ ಹತ್ತು ಪಟ್ಟಾದರೂ ದೂರ ನಿಲ್ಲಬೇಕು ಅನ್ನುತ್ತಾರೆ ಬಲ್ಲವರು. ನಾನು ಹುಣಸೆಮರದ ಮಗ್ಗುಲಲ್ಲೇ ನಿಂತೆ. ಅತ್ತೆಯವರು ಕಳಿಸಿದ ಬುತ್ತಿಯ ಗಂಟು ಅಲ್ಲಿತ್ತು.

ಭಾಮೈದನ ಮಗ, ನಾಲ್ಕನೇ ಕ್ಲಾಸಿನವನು, ಪಟ ಎತ್ತಿ ಹಿಡಿದ. "ಮಾಮಾ, ಬಿಡ್ಲಾ?" "ಬಿಡಪ್ಪಾ!" ಪಟ ಎದ್ದಿತು. ಎದ್ದಷ್ಟೇ ವೇಗದಲ್ಲಿ ತಲೆ ಕೆಳಗೆ ಮಾಡಿ ಗೋತಾ ಹೊಡೆದು ಮೂಗನ್ನು ಮಣ್ಣಿಗೆ ನೆಟ್ಟಿತು. ಮತ್ತೆ ಎತ್ತಿದ, ಮತ್ತೆ ನೆಟ್ಟಿತು. ಹೊಲದ ತುಂಬ ನಾಟಿಯ ಗುಣಿಗಳು ತಯಾರಾದವು. ಅಮೆರಿಕದ ನೌಕಾಪಡೆ ಗುಂಡು ಹಾರಿಸಿ ಬೀಳಿಸಲು ಒದ್ದಾಡುತ್ತಿದ್ದುದನ್ನು ನಾನು ಒಂದು ಗುಂಡೂ ಖರ್ಚಿಲ್ಲದೆ ಬೀಳಿಸುತ್ತಿದ್ದೆ.

ದೋಷ ನನ್ನ ಕೈಗಳದ್ದು. ಮೂವತ್ತು ವರ್ಷ ಸ್ಕೂಟರು ಓಡಿಸಿದ ಕೈಗಳಿಗೆ ತಿರುವು ಎಂದರೆ ಹ್ಯಾಂಡಲು ತಿರುಗಿಸುವುದು. ಪಟಕ್ಕೆ ಅದು ಅರ್ಥವಾಗಲಿಲ್ಲ. ಅದು ಸುತ್ತಿದ್ದಕ್ಕೆ ಸುತ್ತಿ ದಾರ ಎರಡೂ ಹುರಿಗೊಂಡವು. ಪಟವನ್ನು ಉಲ್ಟಾ ಸುತ್ತಿಸಿದರೆ ಹುರಿ ತಾನೇ ಬಿಚ್ಚಿಕೊಳ್ಳುತ್ತದಂತೆ. ನನಗೆ ಹೊಳೆದದ್ದು ನಾನೇ ಉಲ್ಟಾ ಸುತ್ತುವ ಉಪಾಯ. ಎರಡೂ ಕೈ ಮೇಲೆತ್ತಿ, ಕಣ್ಣು ಮುಗಿಲಿಗೆ ನೆಟ್ಟು, ಹೊಲದ ನಡುವೆ ಗರಗರ ಸುತ್ತಿದೆ. ದೂರದಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ಯಾವ ದೇವರು ಮೈಮೇಲೆ ಬಂದಿದೆ ಎಂದು ತಿಳಿದರೋ, ಚಪ್ಪಲಿ ಬಿಟ್ಟು ಕೈಮುಗಿದು ನಿಂತರು. ನನಗೂ ತಲೆ ಸುತ್ತಿ ಅವರ ಕಡೆಗೇ ವಾಲಿದ್ದರಿಂದ ಅದು ಆಶೀರ್ವಾದವೆಂದೇ ಕಂಡಿರಬೇಕು.

ಅಷ್ಟರಲ್ಲಿ ಗಾಳಿಯ ಒಂದು ದೊಡ್ಡ ತುಂಡು ಬಂತು.

ಗಾಳಿಯ ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ, ಮೂರು ಪಟ್ಟಾದರೆ ಒಂಬತ್ತು. ಹೈಸ್ಕೂಲಿನಲ್ಲಿ ಈ ವರ್ಗದ ಲೆಕ್ಕ ತಲೆಗೆ ಹತ್ತಿರಲಿಲ್ಲ. ಈಗ ತಲೆಯಿಂದ ಕಾಲಿನವರೆಗೂ ಹತ್ತಿತು. ಇಂಥ ಹೊತ್ತಿನಲ್ಲಿ ಪಟದ ಕಡೆಗೆ ನಾಲ್ಕು ಹೆಜ್ಜೆ ನಡೆದರೆ ಎಳೆತ ತಗ್ಗುತ್ತದೆ. ಆದರೆ ಯಾರಾದರೂ ಎಳೆದರೆ ಹಿಂದಕ್ಕೆ ಎಳೆಯುವುದು ಹುಟ್ಟುಗುಣ, ನೀವಾದರೂ ಅದನ್ನೇ ಮಾಡುತ್ತಿದ್ದಿರಿ. ನಾನು ಹಿಮ್ಮಡಿ ಊರಿ ಹಿಂದಕ್ಕೆ ಎಳೆದೆ. ಪಟ ಭೊರ್ರ್ ಎಂದು ಗುಡುಗಿತು. ಆನಗೋಡಿನಲ್ಲಿ ಇಂದಿರಾ ಪ್ರಿಯದರ್ಶಿನಿ ಮೃಗಾಲಯವಿರುವುದರಿಂದ ಹೊಲದವರೆಲ್ಲ ಒಮ್ಮೆ ಆ ದಿಕ್ಕಿಗೆ ನೋಡಿದರು, ಆಮೇಲೆ ನನ್ನ ಕಡೆ. ನಾನಾಗಲೇ ನಿಂತ ಜಾಗದಲ್ಲಿರಲಿಲ್ಲ. ಬದು ದಾಟಿ, ಜಾಲಿ ದಾಟಿ, ಊರ ಅಂಚಿನ ತಿಪ್ಪೆಯ ಮೇಲೆ, ಕಾವಲಿಗೆ ಹುಯ್ದ ಬೆಣ್ಣೆದೋಸೆ ಹಿಟ್ಟಿನ ಹಾಗೆ ಹರಡಿಕೊಂಡಿದ್ದೆ. ಗಾಳಿ ತಕ್ಷಣ ನಿಂತಿತು. ಅದರ ಕೆಲಸ ಮುಗಿದಿತ್ತು.

"ಮಾಮಾ, ಇನ್ನೊಂದ್ಸಲ!" ಎಂದ ಹುಡುಗ. ಮರ್ಯಾದೆಯ ಪ್ರಶ್ನೆ. ಆದರೆ ಪ್ಯಾಂಟು ಯಾರೂ ಹತ್ತಿರ ನಿಲ್ಲಲಾಗದ ಸ್ಥಿತಿಯಲ್ಲಿತ್ತು. ಹುಡುಗ ಓಡಿ ಹೋಗಿ ಮಾವನವರ ಪಂಚೆ ತಂದ. ಜರಿಯಂಚಿನದು, ಮದುವೆ ಮುಂಜಿಗೆ ಉಡುವಂಥದ್ದು. ನಾನು ಬೆಲ್ಟಿನ ತಲೆಮಾರಿನವನು, ಗಂಟು ಹಾಕಲು ಬರುವುದಿಲ್ಲ. ಹೊಟ್ಟೆಯ ಸುತ್ತ ಸುತ್ತಿ ತುದಿಯನ್ನು ನಂಬಿಕೆಯ ಮೇಲೆ ಸಿಕ್ಕಿಸಿದೆ. ಪಟ್ಟಿ ಜಾರಬಾರದೆಂದು ಮಣಿಕಟ್ಟಿಗೆ ಈ ಸಲ ಬಿಗಿಯಾಗಿ ಬಿಗಿಸಿಕೊಂಡೆ. ಅವೆರಡರಲ್ಲಿ ಯಾವುದನ್ನು ಬಿಗಿಯಬೇಕಿತ್ತು ಎಂದು ಈಗ ನಿಮಗೆ ಹೊಳೆದಿರಬೇಕು.

ಪಟ ಏರಿತು. ನಿಜವಾಗಿ ಏರಿತು! ಎಡಕ್ಕೆ ಎಳೆದೆ, ಎಡಕ್ಕೆ ಹೋಯಿತು. ಬಲಕ್ಕೆ ಎಳೆದೆ, ಬಲಕ್ಕೆ ಬಂತು. ನಾನು ಪೀಟರ್ ಪೊವೆಲ್‌ನ ಖಾಸಾ ತಮ್ಮ ಎನಿಸಿದ ಆ ಗಳಿಗೆಯಲ್ಲೇ ಗಾಳಿ ಒಮ್ಮೆಲೇ ಜೋರಾಗಿ ಹಿಂದಿನಿಂದ ನುಗ್ಗಿತು. ಪಂಚೆ ತುಂಬಿಕೊಂಡಿತು. ತುದಿ ಬಿಚ್ಚಿತು. ಎರಡೂ ಕೈ ಮೇಲೆ ಬಂಧಿ, ಕೆಳಗೆ ಕಾವಲಿಗೆ ಯಾರಿಲ್ಲ. ಮೊಣಕಾಲು ಜೋಡಿಸಿ ಹಿಡಿಯಲು ನೋಡಿದೆ, ಕಾಲು ತೊಡರಿತು.

"ಅಳಿಯಂದ್ರೇ, ಪಟ ಬಿಡ್ರೀ!" ಬದುವಿನ ಮೇಲಿಂದ ಮಾವನವರ ಕೂಗು.

"ಬಿಡಾಕ ಆಗ್ತಿಲ್ಲ ಮಾವ, ಕಟ್ಕೊಂಡೀನಿ!"

"ಹಂಗಾದ್ರೆ ಪಂಚೆ ಹಿಡ್ಕೊಳ್ರೀ!"

ಅದು ಅಷ್ಟು ಹೊತ್ತಿಗೆ ಹಿಡಿಯುವ ದೂರದಲ್ಲಿರಲಿಲ್ಲ. ನನ್ನ ಪಟಕ್ಕಿಂತ ಚೆನ್ನಾಗಿ, ಬಾಲಂಗೋಚಿಯೂ ಇಲ್ಲದೆ, ಜರಿ ಮಿಂಚಿಸುತ್ತ ಹಾರಿ ಹೋಗಿ ಜಾಲಿಮುಳ್ಳಿನ ಮೇಲೆ ಇಳಿಯಿತು. ಮೆಕ್ಕೆಜೋಳದ ಕಳೆ ತೆಗೆದು ಬರುತ್ತಿದ್ದ ಹೆಣ್ಣುಮಕ್ಕಳ ಗುಂಪು ಆಗಲೇ ಎದುರಾಗಬೇಕೇ! ಪಟ್ಟೆಪಟ್ಟೆ ಚಡ್ಡಿಯಲ್ಲಿ ಕೈ ಮೇಲೆತ್ತಿ ನಿಂತ ನನ್ನನ್ನು ಅವರು ನೋಡಲಿಲ್ಲ. ಅಂದರೆ, ನೋಡದ ಹಾಗೆ ಇದ್ದರು. ಎಲ್ಲರೂ ಏಕಕಾಲಕ್ಕೆ ಕತ್ತೆತ್ತಿ, "ಪಟ ಎಷ್ಟ್ ಚಂದ ಐತಲ್ಲೇ!" ಎಂದುಕೊಂಡು ಸಾಗಿದರು. ಆ ದೊಡ್ಡತನಕ್ಕೆ ನಾನು ಇವತ್ತಿಗೂ ಋಣಿ. ಹತ್ತು ಮಾರು ದಾಟಿದ ಮೇಲೆ ಕೇಳಿಬಂದ ನಗು ಬೇರೆ ಯಾವುದೋ ವಿಷಯಕ್ಕಿರಬೇಕು.

ಹುಡುಗ ಓಡಿ ಬಂದು ಪಟ್ಟಿ ಬಿಚ್ಚಿದ. ಪಟ ಒಂದಿಷ್ಟು ದೂರ ಹೋಗಿ ಕೆಳಗಿಳಿಯಿತು, ದಾರ ಎರಡೂ ಹುಲ್ಲಿನ ಮೇಲೆ ಬಿದ್ದವು. ಇಷ್ಟಕ್ಕೇ ಮುಗಿಯಿತು ಎಂದುಕೊಂಡೆ. ಅಲ್ಲಿ ಮೇಯುತ್ತಿದ್ದ ಮಾವನವರ ಎಮ್ಮೆ ತಲೆ ಎತ್ತಿತು. ಒಂದು ಪಟ್ಟಿ ಎಡಗೋಡಿಗೆ, ಇನ್ನೊಂದು ಬಲಗೋಡಿಗೆ.

ಸಂಜೆಯಾಗಿತ್ತು. ಎಮ್ಮೆ ತನ್ನ ಪಾಡಿಗೆ ಮನೆಯ ಹಾದಿ ಹಿಡಿಯಿತು, ಅದೂ ಗಾಳಿಗೆ ಎದುರಾಗಿ. ದಾರ ಬಿಗಿಯಾಯಿತು, ಪಟ ನೆಟ್ಟಗೆ ಮೇಲೆದ್ದಿತು. ಗಾಳಿ ಜೋರಾದರೆ ಎಮ್ಮೆ ಗಾಬರಿಯಾಗುವುದಿಲ್ಲ, ಕಡಿಮೆಯಾದರೆ ಹಿಂದಕ್ಕೆ ಓಡುವುದಿಲ್ಲ. ಅದಕ್ಕೆ ಸ್ಕೂಟರಿನ ಅಭ್ಯಾಸವೂ ಇಲ್ಲ. ನೊಣ ಬಂತೆಂದು ತಲೆಯನ್ನು ಬಲಕ್ಕೆ ಕೊಡವಿದರೆ ಪಟ ಬಲಕ್ಕೆ ಗಿರಕಿ, ಎಡಕ್ಕೆ ಕೊಡವಿದರೆ ಎಡಕ್ಕೆ ಗಿರಕಿ. ಎರಡು ನೊಣ ಒಟ್ಟಿಗೆ ಬಂದಾಗ ಆನಗೋಡಿನ ಮೇಲೆ ಎಂಟರ ಅಂಕಿ ಬರೆಯಿತು, ಆಣೆಗೂ! ಮಕ್ಕಳು ಚಪ್ಪಾಳೆ ತಟ್ಟಿಕೊಂಡು ಹಿಂಬಾಲಿಸಿದರು, ಕಟ್ಟೆಯ ಮೇಲಿದ್ದವರು ಎದ್ದು ನಿಂತರು. "ಯಾರ್ದಪ್ಪಾ ಎಮ್ಮಿ?" ಎಂದು ಕೇಳಿದರೇ ಹೊರತು ಪಟ ಯಾರದೆಂದು ಒಬ್ಬರೂ ಕೇಳಲಿಲ್ಲ. ಮೆರವಣಿಗೆಯ ಕೊನೆಯಲ್ಲಿ, ಮುಳ್ಳಿಗೆ ಸೀಳಿದ ಜರಿಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಪೈಲಟ್ಟು ಬರುತ್ತಿದ್ದ.

ಕೊಟ್ಟಿಗೆಯ ಬಾಗಿಲಲ್ಲಿ ಅತ್ತೆಯವರು ಕೈಯಲ್ಲಿ ಹಾಲಿನ ತಂಬಿಗೆ ಹಿಡಿದು ನಿಂತಿದ್ದರು. ಎಮ್ಮೆಯನ್ನು ನೋಡಿದರು, ಮುಗಿಲು ನೋಡಿದರು, ನನ್ನನ್ನು ನೋಡಿದರು, ಸೆರಗು ಬಾಯಿಗಿಟ್ಟು ಒಳಗೆ ಹೋದರು. ಎಮ್ಮೆ ಅವತ್ತು ದಣಿದು ಹಾಲು ಕೊಡಲಿಲ್ಲ. ಎಲ್ಲರಿಗೂ ಬರೀ ಚಹಾ. ಜಗುಲಿಯಲ್ಲಿ ಕುಳಿತು ಅದನ್ನು ಕುಡಿಯುತ್ತ ಮಾವನವರು ಬಹಳ ಹೊತ್ತಿನ ನಂತರ ಬಾಯಿ ಬಿಟ್ಟರು: "ಎಷ್ಟು ಬಿತ್ರೀ ಇದು?"

ಒಳಗಿನಿಂದ ಮನೆಯವಳು ನಾನು ಹೇಳಿದ್ದ ರೇಟನ್ನೇ ಹೇಳಿದಳು. ಮಾವನವರು "ಅಡ್ಡಿಯಿಲ್ಲ" ಎಂದು ತಲೆದೂಗಿದರು. ಅಷ್ಟರಲ್ಲಿ ಪಟ ಮಡಚಿ ಚೀಲಕ್ಕೆ ತುಂಬುತ್ತಿದ್ದ ಹುಡುಗ ತಳದಿಂದ ಒಂದು ಚೀಟಿ ಎಳೆದ. ಶಾಲೆಯಲ್ಲಿ ಹೊಸದಾಗಿ ದೊಡ್ಡ ಸಂಖ್ಯೆ ಓದಲು ಕಲಿತವನಿಗೆ ಸುಮ್ಮನಿರಲಾದೀತೇ? ಬೆರಳಿಟ್ಟುಕೊಂಡು ಬಿಡಿ, ಹತ್ತು, ನೂರು ಅಂತ ಗಟ್ಟಿಯಾಗಿ ಎಣಿಸತೊಡಗಿದ. ನಾನು ಕೆಮ್ಮಿದೆ. ಅವನು ಸಾವಿರದ ಮನೆಗೆ ಬಂದು ಪೂರ್ತಿ ಅಂಕಿಯನ್ನು ಓದಿಯೇ ಬಿಟ್ಟ.

"ರೀ, ಒಂಚೂರು ಒಳಗ್ ಬರ್ರೀ" ಎಂದಳು ಮನೆಯವಳು.

ಎದ್ದೆ. ಮಾವನವರು ಲೋಟ ಕೆಳಗಿಟ್ಟು, "ಪಂಚೆ ಬಿಗಿಯಾಗಿ ಕಟ್ಕೊಂಡು ಹೋಗ್ರೀ ಅಳಿಯಂದ್ರೇ" ಎಂದರು.