ಇಂಧನಕುಂಭಾವತರಣ ಮೀಮಾಂಸೆ

ಪೆಟ್ರೋಲ್ ಕಾರಿನ ಕೀಲಿಯನ್ನು ತಿರುಗಿಸಿದೊಡನೆ ಹಿಂದಿನ ಸೀಟಿನ ಅಡಿಯಿಂದ ಒಂದೆರಡು ಕ್ಷಣ ಕೇಳಿಬರಬೇಕಾದ ಝೇಂಕಾರವು ಕೇಳದೆ ಹೋದಲ್ಲಿ ಪಂಪು ಗತಿಸಿತೆಂದು ಅನುಮಾನಿಸುವುದು ಪೂರ್ವಪಕ್ಷ. ಫ್ಯೂಜು, ರಿಲೇಗಳನ್ನು ಶೋಧಿಸದೆ ಹಾಗೆ ನಿರ್ಣಯಿಸುವುದು ಹೇತ್ವಾಭಾಸವೆಂಬುದು ಕೋಸಗಿಯ ಉಸ್ತಾದರ ಸಿದ್ಧಾಂತ. ಶೋಧನಾನಂತರ ಅವರು ಉಚ್ಚರಿಸುವ ಸೂತ್ರವು ಅಲ್ಪಾಕ್ಷರವೂ ಅಸಂದಿಗ್ಧವೂ ಆದುದು: “ಪಂಪ್ ಹೋಗ್ಯಾದ್ರಿ. ಟಾಕಿ ಇಳಸ್ಬೇಕು.”

ಟಾಕಿಯೊಳಗೆ ಮುಳುಗಿರುವ ಪಂಪನ್ನು ತಂಪಾಗಿಡುವುದು ಪೆಟ್ರೋಲೇ ಆದುದರಿಂದ, ವರ್ಷವಿಡೀ ನೂರು ರೂಪಾಯಿಯ ಎಣ್ಣೆಯಲ್ಲಿ ರಿಸರ್ವಿನಲ್ಲಿಯೇ ಸಂಸಾರ ತೂಗಿಸುವ ಗೃಹಸ್ಥನ ಪಂಪು ಕಾದು ಕಾದು ಕೃಶವಾಗುವುದು ಸಹಜವೇ. ಆದರೆ ಅದು ಪ್ರಾಣಬಿಡುವುದು ಟಾಕಿ ತುಂಬಿದ ದಿನವೇ ಏಕೆ? ಇದರ ಮೂಲವು ರಾಜ್ಯ ಪುನರ್ವಿಂಗಡಣೆಯಲ್ಲಿದೆಯೆಂದು ನಮ್ಮ ಮತ. 1956ರ ನವೆಂಬರ್ 1ರಂದು ನಮ್ಮ ಕೋಸಗಿಯನ್ನೊಳಗೊಂಡ ಗುಲಬರ್ಗಾ ಜಿಲ್ಲೆಯ ಕೊಡಂಗಲ್ ತಾಲ್ಲೂಕು ಆಂಧ್ರಪ್ರದೇಶಕ್ಕೆ ಸಂದು, ಗುರುಮಿಠಕಲ್ಲು ಮೈಸೂರು ರಾಜ್ಯಕ್ಕೆ ಸೇರದೆ ಇದ್ದಿದ್ದರೆ, ಎರಡೂ ಕಡೆ ಪೆಟ್ರೋಲಿನ ತೆರಿಗೆ ಒಂದೇ ಆಗಿ, ಲೀಟರಿಗೆ ನಾಲ್ಕಾರು ರೂಪಾಯಿ ಉಳಿಸುವ ಸಲುವಾಗಿ ನಮ್ಮವರು ಗಡಿ ದಾಟಿ ಟಾಕಿಯನ್ನು ಕಂಠಪೂರ್ತಿ ತುಂಬಿಸಿಕೊಂಡು ಬರುವ ಪ್ರಸಂಗವೇ ಒದಗುತ್ತಿರಲಿಲ್ಲ. ಮೂವತ್ತೈದು ಲೀಟರ್ ಪೆಟ್ರೋಲು ಸುಮಾರು ಇಪ್ಪತ್ತಾರು ಕಿಲೋ ತೂಗುತ್ತದೆ. ಈ ಐತಿಹಾಸಿಕ ಭಾರವನ್ನು ಜಾಕಿಗೇರಿಸಿದ ಕಾರಿನ ಕೆಳಗೆ ಮಲಗಿ ಎದೆಯ ಮೇಲೆ ಹೊರಬೇಕಾದವನು ಉಸ್ತಾದರ ಚೇಲಾ.

ಆದಕಾರಣ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ, ಪೆಟ್ರೋಲನ್ನು ಕ್ಯಾನುಗಳಿಗೆ ಇಳಿಸಿ, ಟಾಕಿಗೆ ಹಲಗೆಯ ಆಸರೆ ಕೊಟ್ಟು, ಪೈಪುಗಳನ್ನೂ ವೈರುಗಳನ್ನೂ ಬಿಡಿಸಿದ ತರುವಾಯವೇ ಪಟ್ಟಿಗಳ ಬೋಲ್ಟು ಸಡಿಲಿಸತಕ್ಕದ್ದು. ಪಂಪಿನ ಮೇಲಣ ಬಳೆಯನ್ನು ತಿರುಗಿಸಲು ಹಿತ್ತಾಳೆಯ ತುಂಡಿನಿಂದ ಬಡಿಯುವರು, ಕಬ್ಬಿಣವಾದರೆ ಕಿಡಿ ಹಾರೀತೆಂದು. ಕೆಳಗಣ ರಬ್ಬರ್ ರಿಂಗು ಹೊಸತೇ ಆಗಬೇಕು. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದುದರಿಂದ ನೆಲ ಹಿಡಿದು ಹರಿಯುವುದು. ಹೊಗೆಯಿಂದ ಬೆಂಕಿಯನ್ನು ಊಹಿಸುವ ತಾರ್ಕಿಕರಿಗೆ ಪರ್ವತವೇ ಬೇಕಾಯಿತು; ಇಲ್ಲಿ ಮೂಲೆಯಲ್ಲಿ ಕುಳಿತ ಗಿರಾಕಿಯ ಬೀಡಿ ಸಾಕು.

ಇನ್ನು ಛೇದನವಾದಿಗಳ ವಿಚಾರ. ಕೆಲವು ಕಾರುಗಳಲ್ಲಿ ತಯಾರಕರೇ ಸೀಟಿನಡಿ ಮುಚ್ಚಳವಿಟ್ಟಿರುವಾಗ, ಇಲ್ಲದ ಕಾರಿನಲ್ಲಿ ತಗಡು ಕೊಯ್ದು ಕಿಂಡಿ ಮಾಡಿದರೆ ದೋಷವೇನೆಂದು ಇವರ ವಾದ. ಟಾಕಿಯ ನೆತ್ತಿಯ ಮೇಲೆಯೇ ಗ್ರೈಂಡರ್ ಹಿಡಿಯುವವನೊಡನೆ ವಾದಕ್ಕೆ ಅವಕಾಶ ಬಹುಕಾಲ ದೊರೆಯದೆಂದು ಉಸ್ತಾದರು ಉತ್ತರಿಸುವರು. ಆದರೂ ಆ ಪಂಥವು ಅಳಿದಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಹಿಂದಿನ ಸೀಟೆತ್ತಿ ನೋಡಿದಲ್ಲಿ, ನಾಲ್ಕು ಸ್ಕ್ರೂ ಬಿಗಿದ ಎಣ್ಣೆಡಬ್ಬಿಯ ತಗಡೊಂದು ಹಳೆಯ ಯಜಮಾನನ ಮತವನ್ನು ತಿಳಿಸುವುದು.