ಡಿಮ್ಮರ್ ಕಾಟ, ಡ್ರೈವರ್ ಹಟ

ಕತ್ತಲೆ ಪುಕ್ಕಟೆ ಸಿಗುತ್ತದೆ, ಬೆಳಕಿಗೆ ಬಿಲ್ಲು ಕಟ್ಟಬೇಕು. ಎರಡೂ ಅಲ್ಲದ ನಡುವಿನದು ಬೇಕೆಂದಿರೋ, ಬಿಲ್ಲಿನ ಮೇಲೆ ಬಿಲ್ಲು. ನಾನು ಹುಡುಗನಾಗಿದ್ದಾಗ ಊರಲ್ಲಿ ಸಂಜೆ ಪಂಪ್‌ಸೆಟ್ಟುಗಳು ಶುರುವಾದರೆ ಸಾಕು, ನಡುಮನೆಯ ಬಲ್ಬು ತಾನೇ ತಾನಾಗಿ ಕೆಂಪಗೆ ಮಂಕಾಗುತ್ತಿತ್ತು. ಅಪ್ಪ ಬೈಯುತ್ತಿದ್ದರು. ಅದೇ ಮಂಕನ್ನು ಈಗ ನನ್ನಾಕೆ ‘ಆಂಬಿಯನ್ಸ್’ ಎನ್ನುತ್ತಾಳೆ.

ಆಂಬಿಯನ್ಸಿಗೆಂದು ಫಾಲ್ಸ್ ಸೀಲಿಂಗಿನ ಅಂಚಿಗೆ ಮೂರು ಮೀಟರ್ ಎಲ್‌ಇಡಿ ಸ್ಟ್ರಿಪ್ ಅಂಟಿಸಿದ್ದಾಯಿತು. ಗೋಡೆಯ ಮೇಲೆ ತಿರುಗಿಸುವ ಡಿಮ್ಮರ್. ಎರಡರ ನಡುವೆ, ಅಡುಗೆಮನೆಯ ಅಟ್ಟದಲ್ಲಿ, ಡ್ರೈವರ್ ಎಂಬ ಬಿಳಿ ಡಬ್ಬಿ. ಸಂಜೆ ದೀಪ ಹಾಕಿ ನಾಬ್ ತಿರುಗಿಸಿದೆ. ಅರ್ಧದವರೆಗೆ ಬೆಳಕು ಕದಲಲೇ ಇಲ್ಲ. ಆಮೇಲೆ ಪಕ್ಕನೆ ಆರಿತು. ಹತ್ತಿತು. ಮತ್ತೆ ಆರಿತು. ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟಿಗೂ ಇಷ್ಟು ಉತ್ಸಾಹ ಇರುವುದಿಲ್ಲ.

ಎಲೆಕ್ಟ್ರಿಷಿಯನ್ ಹುಡುಗ ಬಂದು ಟೆಸ್ಟರ್ ಇಟ್ಟು ನೋಡಿ, “ಡ್ರೈವರ್ ಪ್ರಾಬ್ಲಮ್ಮು ಸಾರ್” ಎಂದ. ಒಳಗಿಂದ ಅಮ್ಮ, “ಕಾರೇ ಇಲ್ಲ, ಡ್ರೈವರ್ ಯಾಕೋ ಇಟ್ಕೊಂಡೆ?” ಅಂದರು.

ಡ್ರೈವರ್ ಪಾಪ ತನ್ನ ಕೆಲಸವನ್ನೇ ಮಾಡುತ್ತಿತ್ತು. ಗೋಡೆಯಿಂದ 230 ವೋಲ್ಟ್ ಬರಲಿ, 180 ಬರಲಿ, ತಾನು ಕೊಡುವುದು 24 ಮಾತ್ರ ಎಂಬುದು ಅದರ ಹಟ. ಆ ಹಟಕ್ಕೇ ನಾವು ದುಡ್ಡು ಕೊಟ್ಟಿರುವುದು. ಡಿಮ್ಮರಿನ ಕಸುಬೋ, ಕರೆಂಟಿನ ಪ್ರತಿ ಅರ್ಧ ಅಲೆಯಿಂದಲೂ ಒಂದು ತುಂಡು ಕತ್ತರಿಸುವುದು, ಸೆಕೆಂಡಿಗೆ 100 ಸಲ. ಒಬ್ಬ ಕತ್ತರಿಸುತ್ತಾನೆ, ಇನ್ನೊಬ್ಬ ಕೊರತೆ ತುಂಬಿಸುತ್ತಾನೆ. ತುಂಬಿಸಿ ತುಂಬಿಸಿ ಸುಸ್ತಾಗಿ ಕೈಚೆಲ್ಲಿ ಕೂರುತ್ತಾನೆ, ಸುಧಾರಿಸಿಕೊಂಡು ಮತ್ತೆ ಏಳುತ್ತಾನೆ. ನಮ್ಮ ಹಾಲಿನ ಮಿಣಿಮಿಣಿ ಇದೇ. ಹಳೇ ಬಲ್ಬಿಗೆ ಈ ಕತ್ತರಿ ಲೆಕ್ಕಕ್ಕೇ ಇರಲಿಲ್ಲ. ಅದರ ತಂತಿ ದೋಸೆ ಕಾವಲಿ ಇದ್ದ ಹಾಗೆ, ಉರಿ ತೆಗೆದರೂ ಕಾವು ಹಿಡಿದುಕೊಂಡಿರುತ್ತದೆ. ಎಲ್‌ಇಡಿಗೆ ಕಾವೂ ಇಲ್ಲ, ದಾಕ್ಷಿಣ್ಯವೂ ಇಲ್ಲ. ಕರೆಂಟು ನಿಂತಿತೋ, ಬೆಳಕೂ ನಿಂತಿತು.

ಎಸ್.ಪಿ. ರೋಡಿಗೆ ಹೋದೆ. “ಡಿಮ್ಮಬಲ್ ಬೇಕಿತ್ತಾ? ಮೊದಲೇ ಹೇಳೋದಲ್ವಾ ಸಾರ್!” ಎಂದ ಅಂಗಡಿಯವನು, ಎಲೆ ಹಾಕಿ ಬಡಿಸಿದ ಮೇಲೆ ನಾನು ಏಕಾದಶಿ ಎಂದು ನೆನಪಿಸಿಕೊಂಡ ಹಾಗೆ. ಎರಡರಷ್ಟು ಬೆಲೆ ತೆತ್ತು ತಂದು ಹಾಕಿಸಿದೆ. ಮೇಲಿನರ್ಧ ನಯವಾಗಿ ಇಳಿಯಿತು. ಕೆಳಗಿನರ್ಧಕ್ಕೆ ಬಂದರೆ ಚಳಿಜ್ವರದ ನಡುಕ. ಮಗಳು ಫೋನಿನ ಕ್ಯಾಮೆರಾ ಹಿಡಿದು ತೋರಿಸಿದಳು: ಹಳದಿ ಗೋಡೆಯ ತುಂಬ ಕಪ್ಪು ಪಟ್ಟೆ, ಥೇಟು ಹುಲಿವೇಷದವನ ಬೆನ್ನು.

ಡಿಮ್ಮರ್ ಬಿಚ್ಚಿ ಅದರ ಬೆನ್ನು ನೋಡಿದೆವು. ಇರುವೆಯಂಥ ಅಕ್ಷರದಲ್ಲಿ, ಕನಿಷ್ಠ ಲೋಡ್ 60 ವ್ಯಾಟ್. ನನ್ನ ಸ್ಟ್ರಿಪ್ಪು ಮೀಟರಿಗೆ 9.6 ವ್ಯಾಟಿನದು, ಪೂರ್ತಿ ಉರಿದರೂ 29 ಮುಟ್ಟುವುದಿಲ್ಲ. ಡಿಮ್ಮರಿನ ಒಳಗೆ ಟ್ರಯಾಕ್ ಎಂಬ ಬಾಗಿಲು ಕಾಯುವವನಿದ್ದಾನೆ. ಕರೆಂಟು ಧಾರಾಳವಾಗಿ ಹರಿದರೆ ಬಾಗಿಲು ತೆರೆದು ಹಿಡಿದಿರುತ್ತಾನೆ, ತೊಟ್ಟಿಕ್ಕಿದರೆ ದಡಾರನೆ ಹಾಕಿಬಿಡುತ್ತಾನೆ.

“ಒಂದು ಟ್ರಯಲ್ ನೋಡೋಣ” ಎಂದು ಹುಡುಗ ಹಳೇ 60 ವ್ಯಾಟಿನ ಬಲ್ಬೊಂದನ್ನು ಅಟ್ಟದಲ್ಲಿ ಡ್ರೈವರಿನ ಜೊತೆಗೇ ಪ್ಯಾರಲಲ್ಲಾಗಿ ತೂಗುಹಾಕಿದ. ನಡುಕ ಮಾಯ! ಕರೆಂಟು ಉಳಿಸಲೆಂದು ತಂದ ದೀಪ ಹಾಲಿನಲ್ಲಿ ನಾಜೂಕಾಗಿ ಮಂದವಾಗಬೇಕಾದರೆ, ಅದರ ಎರಡರಷ್ಟು ಉಣ್ಣುವ ಬಲ್ಬೊಂದು ಅಟ್ಟದಲ್ಲಿ ಗುಟ್ಟಾಗಿ ಉರಿಯಬೇಕು. ಮದುವೆಗಿಂತ ದಿಬ್ಬಣದ ಬಸ್ಸಿನ ಖರ್ಚೇ ಜಾಸ್ತಿಯಾದ ಹಾಗೆ.

ಕೊನೆಗೆ ದಾರಿ ಮಾಡಿದವನೂ ಅವನೇ. ಮೊದಲಿನ ಹಟಮಾರಿ ಡ್ರೈವರನ್ನೇ ಮತ್ತೆ ತಂದು ನೇರ ಸ್ವಿಚ್ಚಿಗೆ ಕೊಟ್ಟ. 24 ವೋಲ್ಟ್ ಹೊರಬಂದ ಮೇಲೆ, ಸ್ಟ್ರಿಪ್ಪಿಗೆ ಮುಂಚೆ, ಬೆಂಕಿಪೊಟ್ಟಣದಷ್ಟು ಗಾತ್ರದ ಪಿಡಬ್ಲ್ಯುಎಂ ಡಿಮ್ಮರ್ ಕೂರಿಸಿದ. ಅದು ಮಾಡುವುದೂ ಹಚ್ಚಿ ಆರಿಸುವುದನ್ನೇ, ಆದರೆ ಸೆಕೆಂಡಿಗೆ ಸಾವಿರಕ್ಕೂ ಮಿಕ್ಕಿ. ಕಣ್ಣಿಗೆ ಸುಳಿವೇ ಹತ್ತದು. “ಮೊದಲ ದಿನವೇ ಹೀಗೆ ಮಾಡಬಹುದಿತ್ತಲ್ಲೋ” ಅಂದೆ. “ನೀವು ಗೋಡೆ ಡಿಮ್ಮರ್ ತಂದಿಟ್ಟುಕೊಂಡು ಕರೆದಿರಿ ಸಾರ್” ಅಂದ. ನಾನು ಚಹಾ ತರಿಸಿದೆ.

ನನ್ನಾಕೆಗೆ ಮಾತ್ರ ಇನ್ನೂ ಮಂದ ಸಾಲದು. ಅಳತೆಯಲ್ಲಿ ಹತ್ತರಲ್ಲೊಂದು ಪಾಲಿಗೆ ಇಳಿಸಿದರೂ ಕಣ್ಣು ಅದನ್ನು ಮೂರರಲ್ಲೊಂದು ಪಾಲೆಂದೇ ಸಾಧಿಸುತ್ತದೆ; ಅದೂ ಡ್ರೈವರಿನ ಜಾತಿಯದೇ. ಜೊತೆಗೆ, ಹಳೇ ಬಲ್ಬು ಇಳಿದಂತೆಲ್ಲ ಕೆಂಡದ ಬಣ್ಣಕ್ಕೆ ತಿರುಗುತ್ತಿತ್ತು. ಇದು ಎಷ್ಟು ಇಳಿದರೂ ಬಣ್ಣ ಬದಲಿಸುವ ಸಭ್ಯತೆ ತೋರುವುದಿಲ್ಲ.

ಉಳಿದದ್ದು ಗೋಡೆಯ ಡಿಮ್ಮರ್, ಅಟ್ಟದ ಬಲ್ಬು. ಬಿಚ್ಚಿಸೋಣವೆಂದರೆ ಅಮ್ಮ ಬಿಡಲಿಲ್ಲ. ಬೆಂಗಳೂರಿನ ಡಿಸೆಂಬರಿನಲ್ಲಿ ದೋಸೆ ಹಿಟ್ಟು ಉಬ್ಬುವುದಿಲ್ಲ. ಬಲ್ಬಿನ ಪಕ್ಕದಲ್ಲಿ ಪಾತ್ರೆ ಇಟ್ಟರೆ ಬೆಳಿಗ್ಗೆಗೆ ಮುಚ್ಚಳ ಎತ್ತಿರುತ್ತದೆ. ಚಳಿ ಜಾಸ್ತಿಯಿದ್ದ ರಾತ್ರಿ ಅಮ್ಮ ನಾಬನ್ನು ಚೂರು ಏರಿಸುತ್ತಾರೆ, ಸೆಕೆಯೆನಿಸಿದರೆ ಇಳಿಸುತ್ತಾರೆ. ಒಂಚೂರೂ ನಡುಗುವುದಿಲ್ಲ.