ಐದು ಬಾರಿಯ ಪಟ್ಟಾಭಿಷೇಕ

ಬೇಸ್‌ಬಾಲ್ ತಂಡ ಸೋತಾಗ ಆಟಗಾರರೆಲ್ಲರನ್ನೂ ಒಮ್ಮೆಲೇ ಹೊರದೂಡುವುದು ದುಸ್ಸಾಧ್ಯವಾದುದರಿಂದ, ಅವರ ಸಮಸ್ತ ಪಾಪಗಳನ್ನೂ ಹೊತ್ತು ಹೊರಡುವುದಕ್ಕೆಂದೇ ಅಮೆರಿಕದವರು ಮ್ಯಾನೇಜರನೆಂಬ ಪುಣ್ಯಾತ್ಮನೊಬ್ಬನನ್ನು ಸಂಬಳ ಕೊಟ್ಟು ಇರಿಸಿಕೊಂಡಿರುತ್ತಾರೆ. ಈ ಶಾಸ್ತ್ರವನ್ನು ಪರಾಕಾಷ್ಠೆಗೆ ಒಯ್ದವನು 1973ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದ ಒಡೆತನ ವಹಿಸಿಕೊಂಡ ಜಾರ್ಜ್ ಸ್ಟೈನ್‌ಬ್ರೆನ್ನರ್. ಬಿಲ್ಲಿ ಮಾರ್ಟಿನ್ ಎಂಬ ಮಹಾ ಮುಂಗೋಪಿಯನ್ನು 1975ರಿಂದ 1988ರೊಳಗೆ ಐದು ಬಾರಿ ಪಟ್ಟಕ್ಕೇರಿಸಿದ ಈ ದಣಿಯ ಕೃಪೆಯಿಂದ ಅಭಿಮಾನಿಗಳಿಗೆ ವಾದದ ಬರವೆಂಬುದೇ ಇರಲಿಲ್ಲ. 'ಬಿಲ್ಲಿಯಿಲ್ಲದೆ ತಂಡಕ್ಕೆ ಕೆಚ್ಚಿಲ್ಲ' ಎಂದು ಒಂದು ಪಕ್ಷ, 'ಬಿಲ್ಲಿಯಿರುವತನಕ ಶಾಂತಿಯಿಲ್ಲ' ಎಂದು ಇನ್ನೊಂದು ಪಕ್ಷ; ವಿಚಾರಿಸಿ ನೋಡಿದರೆ ಎರಡೂ ಸತ್ಯವೇ.

1978ರ ಜುಲೈಯಲ್ಲಿ ಮಾರ್ಟಿನ್ ಕಣ್ಣೀರಿಡುತ್ತ ರಾಜೀನಾಮೆಯಿತ್ತನು. ಐದೇ ದಿನಗಳಲ್ಲಿ, ಹಳೆಯ ಆಟಗಾರರ ಉತ್ಸವದಂದು, 1980ಕ್ಕೆ ಆತನೇ ಮರಳುವನೆಂದು ಧ್ವನಿವರ್ಧಕದಲ್ಲಿ ಸಾರಲಾಗಿ, 'ಅನ್ಯಾಯ' ಎಂದು ಹಲುಬುತ್ತಿದ್ದವರು ಕಣ್ಣೊರಸಿಕೊಳ್ಳುವುದಕ್ಕೂ ಅವಕಾಶವಿಲ್ಲದೆ ಜಯಘೋಷ ಮಾಡಬೇಕಾಯಿತು. ನಡುವೆ ಬಂದ ಬಾಬ್ ಲೆಮನ್—ಸದ್ದುಗದ್ದಲವಿಲ್ಲದ ಮನುಷ್ಯ, ಹರಟೆಗೆ ಅಷ್ಟೇನೂ ಒದಗದವನು—ಆ ವರ್ಷದ ವಿಶ್ವ ಸರಣಿಯನ್ನೇ ಗೆದ್ದುಕೊಟ್ಟನು. ಮರುವರ್ಷ ನಡುಋತುವಿನಲ್ಲೇ ಅವನನ್ನೂ ಬೀಳ್ಕೊಟ್ಟು, 1980ರವರೆಗೆ ತಾಳಲಾರದೆ, ಮಾರ್ಟಿನ್‌ನನ್ನು ಕರೆತಂದರು. 1985ರಲ್ಲಿ ಹದಿನಾರೇ ಪಂದ್ಯಗಳಿಗೆ ಪದಚ್ಯುತನಾದ ಮ್ಯಾನೇಜರ್ ಯೋಗಿ ಬೆರಾ ಮಾತ್ರ ವೈರಾಗ್ಯ ತಾಳಿ ಹದಿನಾಲ್ಕು ವರ್ಷ ಯಾಂಕೀ ಕ್ರೀಡಾಂಗಣದತ್ತ ಸುಳಿಯಲಿಲ್ಲ. ಅವನ ಸ್ಥಾನಕ್ಕೆ ಬಂದವನಾರೆಂದು ಬೇರೆ ಹೇಳಬೇಕೆ?

1986ರಲ್ಲಿ ಮಾರ್ಟಿನ್ ತೊಡುತ್ತಿದ್ದ ಒಂದನೆಯ ಸಂಖ್ಯೆಯ ಅಂಗಿಯನ್ನು ಸಕಲ ಗೌರವಗಳೊಡನೆ ನಿವೃತ್ತಿಗೊಳಿಸಲಾಯಿತು; ಅಂಗಿಗೆ ದೊರೆತ ವಿಶ್ರಾಂತಿ ತೊಟ್ಟವನಿಗೆ ದೊರೆಯದೆ, 1988ರ ಋತುವಿಗೆ ಆತನನ್ನು ಮತ್ತೆ ನೇಮಿಸಿ, ಜೂನ್ ಮುಗಿಯುವುದರೊಳಗೆ ಮತ್ತೆ ತೆಗೆದುಹಾಕಿದರು.